ಉಷ್ಣಾಕರ್ಷಿಣಿಗೆ ನೀರು ತುಂಬುವ ಹಬ್ಬ

ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಓಂಕಾರಪ್ಪ ಹಳೇ ಬೆಡ್‌ಶೀಟನ್ನು ಎಳೆದ ರಭಸಕ್ಕೆ ಅದರ ಜೊತೆ ಒಂದು ಬಕೆಟ್ಟು, ಎರಡು ಚೊಂಬು, ಅವನ ತಾಯಿ ಹಾಲಮ್ಮನವರ ಊರುಗೋಲು ಎಲ್ಲವೂ ಹಾರಿ ಬಂದವು.

"ನೋಡಿ! ಉಷ್ಣಾಕರ್ಷಿಣಿ!"

ಮಂಗಳಕ್ಕ ನೋಡಿದಳು. ಮುಚ್ಚಿಹೋದ ಐಸ್‌ಕ್ಯಾಂಡಿ ಕಾರ್ಖಾನೆಯಿಂದ ತಂದ ಮೂರು ಕಂಪ್ರೆಸರ್‌ಗಳು, ಅವುಗಳ ಮೇಲೆ ಹೊಟ್ಟೆ ಉಬ್ಬಿದ ಒಂದು ದೊಡ್ಡ ಟ್ಯಾಂಕು, ಟ್ಯಾಂಕಿನಿಂದ ಗೋಡೆ ತೂರಿಕೊಂಡು ಬೀದಿಗೆ ಹೋದ ಕೊಳವೆಗಳು. ಕಡೂರಿನ ಸ್ಟೇಷನ್ ಹಿಂದಿನ ಬೀದಿಯಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವಳ ಗಂಡ, ಜನರ ಫ್ರಿಜ್‌ಗಳನ್ನು ಬಿಟ್ಟು ಮತ್ತೆಲ್ಲವನ್ನೂ ರಿಪೇರಿ ಮಾಡಲು ಹೊರಡುವ ಮನುಷ್ಯ. ಅವನು ಮಾಡಿದ, ತಾನೇ ಒಗ್ಗರಣೆ ಹಾಕುವ ಸೌಟು ಅಡುಗೆಮನೆಯ ಸೂರಿಗೆ ಒಗ್ಗರಣೆ ಹಾಕಿತ್ತು. ಸೊಳ್ಳೆ ಹಿಡಿಯುವ ಫ್ಯಾನು ಎದುರುಮನೆಯ ಟೈಲರ್ ರುಕ್ಕೋಜಿಯ ಟೋಪಿ ಹಿಡಿದಿತ್ತು. ಹೀಗಾಗಿ ಮಂಗಳಕ್ಕ ಎರಡು ಹೆಜ್ಜೆ ಹಿಂದೆಯೇ ನಿಂತಿದ್ದಳು.

"ಏನ್ಮಾಡುತ್ತೆ ಇದು?" ಎಂದರು ಹಾಲಮ್ಮನವರು, ಊರುಗೋಲು ಎತ್ತಿಕೊಳ್ಳುತ್ತ.

"ನೀರು ಕಾಯಿಸುತ್ತೆ ಅವ್ವ. ಸೌದೆ ಬೇಡ, ಹೊಗೆ ಇಲ್ಲ! ಬೀದಿಯ ಗಾಳಿಯಲ್ಲಿ ಶಾಖ ಸುಮ್ಮನೆ ಬಿದ್ದಿರುತ್ತೆ. ಅದನ್ನ ಎಳೆದು ತಂದು ಈ ಟ್ಯಾಂಕಿನ ನೀರಿಗೆ ಹಾಕುತ್ತೆ. ಹೀಟ್ ಪಂಪ್ ಅಂತಾರೆ ಇದನ್ನ. ಬಾವಿಯಿಂದ ನೀರು ಸೇದೋ ಹಾಗೆ ಗಾಳಿಯಿಂದ ಬಿಸಿ ಸೇದೋದು!"

"ಬೀದಿ ಬಿಸಿಯೆಲ್ಲ ನೀವೇ ಸೇದ್ಕೊಂಡ್ರೆ ಬೀದಿಯೋರ ಗತಿ?" ಎಂದಳು ಮಂಗಳಕ್ಕ.

"ಅದಕ್ಕೇ ಕಣೇ ಇಲ್ಲಿ ನ್ಯಾಯದ ಕವಾಟ ಅಂತ ಇಟ್ಟಿರೋದು. ನೀರು ಕಾದ ಮೇಲೆ ಮಿಕ್ಕಿದ ಶಾಖ ಬೀದಿಗೆ ವಾಪಸ್. ನಾವು ಯಾರ ಸೊತ್ತನ್ನೂ ಇಟ್ಟುಕೊಳ್ಳೋರಲ್ಲ." ಆಮೇಲೆ ಟ್ಯಾಂಕಿನ ಬಾಯಿಯ ಹತ್ತಿರ ಹೊಳೆಯುತ್ತಿದ್ದ ಗೋಲಿಯಷ್ಟು ದಪ್ಪದ ಗಾಜಿನ ಬಿಲ್ಲೆಯನ್ನು ತೋರಿಸಿದ. "ಇದು ಮೂಗು. ನೀರು ಎಷ್ಟು ಕಾದಿದೆ ಅಂತ ಮೂಸಿ ನೋಡೋದೇ ಇದು. ಇದನ್ನ ಮಾತ್ರ ಯಾರೂ ಮುಟ್ಟಬಾರದು!"

ಯಾರೂ ಮುಟ್ಟಲಿಲ್ಲ. ಮಂಗಳಕ್ಕ ಆ ಮೂಗನ್ನು ಸರಿಯಾಗಿ ನೋಡಲೂ ಇಲ್ಲ. ಅವಳು ನೋಡುತ್ತಿದ್ದದ್ದು ಯಂತ್ರದ ಪಕ್ಕದ ಖಾಲಿ ಒಲೆಯನ್ನು. ಅಲ್ಲಿ ಅವಳ ಹಂಡೆ ಇರಲಿಲ್ಲ.

"ನನ್ನ ಹಂಡೆ ಎಲ್ಲಿ?"

"ಊಟ ಮಾಡ್ತಾ ಹೇಳ್ತೀನಿ."

"ಈಗ್ಲೇ ಹೇಳಿ!"

"ಊಟ ಮಾಡ್ತಾ ಹೇಳಿದ್ರೆ ಸಮಾಧಾನವಾಗಿ ಕೇಳ್ತೀಯ ಅಂತ."

ಸಮಾಧಾನವಾಗಿ ಏನೂ ಕೇಳಲಿಲ್ಲ. ಆದರೂ ಓಂಕಾರಪ್ಪ ಸಾರಿನಿಂದ ಒಂದು ನುಗ್ಗೆಕಾಯಿ ತುಂಡನ್ನು ಎತ್ತಿ ತಟ್ಟೆಯ ನಡುವೆ ಇಟ್ಟ.

"ಇದು ರೈಲು ಹಳಿ ಅಂದ್ಕೋ. ಆಚೆ ಕಡೆ ಅನ್ನ, ಅದು ಚಳಿ ವಲಯ. ಈಚೆ ಕಡೆ ಚಟ್ನಿ, ಇದು ಸೆಕೆ ವಲಯ. ಹೀಟ್ ಪಂಪ್ ಹಾಕಿಸಿಕೊಂಡೋರಿಗೆ ಸರ್ಕಾರ ರಿಯಾಯಿತಿ ಕೊಡುತ್ತೆ, ಆದ್ರೆ ವಲಯ ನೋಡಿ ಕೊಡುತ್ತೆ. ಚಳಿ ವಲಯಕ್ಕೆ ಖರ್ಚಿನ ಮುಕ್ಕಾಲು ಪಾಲು. ಸೆಕೆ ವಲಯಕ್ಕೆ ಬರೀ ಕಾಲು. ನಮ್ಮ ಮನೆ ಚಟ್ನಿಯಲ್ಲಿದೆ."

"ಹಳಿಯಿಂದ ಆಚೆಗೂ ಈಚೆಗೂ ನೂರು ಮಾರು ಇಲ್ಲ. ಚಳಿ ಏನು, ರೈಲು ಹೋಗಲಿ ಅಂತ ಗೇಟಿನ ಹತ್ರ ಕಾಯ್ತಾ ನಿಂತಿರುತ್ತಾ?"

"ಅದೇ ನಾನೂ ಬರೆದು ಕೇಳಿದೆ! ಅದಕ್ಕೆ ಮೇಲ್ಮನವಿ ಅಂತ ಇದೆ. ನಾಳೆ ಕೊನೇ ದಿನ. ಶಾಖ ಸಹಾಯ ಕಚೇರಿಯಿಂದ ಸಾಹೇಬರೇ ಬರ್ತಾರೆ, ಸಾಯಂಕಾಲ ಆರು ಗಂಟೆಯೊಳಗೆ ಅಳೀತಾರೆ. ಹದಿನೈದು ಡಿಗ್ರಿಗಿಂತ ಕಮ್ಮಿ ಇದ್ರೆ ಚಟ್ನಿಯೂ ಅನ್ನವೇ."

"ಕಡೂರಲ್ಲಿ, ಸಾಯಂಕಾಲ ಆರಕ್ಕೆ, ಹದಿನೈದು!" ಮಂಗಳಕ್ಕ ನಕ್ಕೇಬಿಟ್ಟಳು.

ಓಂಕಾರಪ್ಪನೂ ನಕ್ಕ. ಆ ನಗು ಅವಳಿಗೆ ಹಿಡಿಸಲಿಲ್ಲ. "ಉಷ್ಣಾಕರ್ಷಿಣಿ ಬೀದಿಯ ಶಾಖ ಎಳೆದ್ರೆ ಬೀದಿ ತಣ್ಣಗಾಗುತ್ತೆ. ಸಾಹೇಬರು ಬಂದು ಅಳೀತಾರೆ. ಇಷ್ಟು ತಣ್ಣಗಿರೋ ಬೀದಿಗೆ ಹೀಟ್ ಪಂಪ್ ಬೇಕೇ ಬೇಕು ಅಂತ ಅವರೇ ಬರೀತಾರೆ. ನಮ್ಮ ಯಂತ್ರ ತನ್ನ ರಿಯಾಯಿತಿಯನ್ನ ತಾನೇ ಸಂಪಾದಿಸುತ್ತೆ!"

"ಇದು ಮೋಸ ಅಲ್ವೇನ್ರೀ?"

"ವಿಜ್ಞಾನ ಕಣೇ!"

"ಹಂಡೆ?"

ಓಂಕಾರಪ್ಪ ನುಗ್ಗೆಕಾಯಿಯನ್ನು ಬಾಯಿಗೆ ಹಾಕಿಕೊಂಡು ರೈಲು ಹಳಿಯನ್ನೇ ಅಗಿಯತೊಡಗಿದ. ಅದೂ ನಿಯಮವಂತೆ. ಸೌದೆ ಉರಿಸುವ ಹಳೇ ಹಂಡೆಯನ್ನು ಕಚೇರಿಗೆ ಒಪ್ಪಿಸಿದರೆ ಮಾತ್ರ ಅರ್ಜಿ ನೋಡುತ್ತಾರೆ. ರಿಯಾಯಿತಿ ಮಂಜೂರಾದರೆ ಹಂಡೆಯನ್ನು ಕರಗಿಸಿ ತಾಮ್ರದ ತಂತಿ ಎಳೆಯುತ್ತಾರೆ. ಅರ್ಜಿ ಬಿದ್ದುಹೋದರೆ ಹಂಡೆ ವಾಪಸ್. ಮಂಗಳಕ್ಕ ಹಿಟ್ಟಿನ ಗಿರಣಿಗೆ ಹೋಗಿದ್ದಾಗ ಅವನು ಅದನ್ನು ಆಟೋದಲ್ಲಿ ಕೂರಿಸಿ ಕಳಿಸಿಬಿಟ್ಟಿದ್ದ.

ಮಂಗಳಕ್ಕನಿಗೆ ಅಳು ಬಂತು. ಅದು ಅವಳ ತವರಿನ ಹಂಡೆ. ಮದುವೆಯಾಗಿ ಬಂದಾಗ ಲಾರಿಯಲ್ಲಿ ಅವಳ ಪಕ್ಕದಲ್ಲೇ ಕೂತು ಬಂದದ್ದು. ಮಗಳು ದಾಕ್ಷಾಯಿಣಿಗೆ ಹುಟ್ಟಿದ ದಿನದಿಂದ ಎರೆದ ನೀರೆಲ್ಲ ಅದರದ್ದು. ದಾಕ್ಷಾಯಿಣಿಗೆ ಮದುವೆಯಾಗಿ ಇದೇ ಮೊದಲ ದೀಪಾವಳಿ. ನಾಳೆ ಸಂಜೆ ಅಳಿಯನ ಜೊತೆ ಬರುತ್ತಾಳೆ. ನಾಡಿದ್ದು ಬೆಳಗ್ಗೆ ಅಳಿಯನಿಗೆ ಎಣ್ಣೆ ಹಚ್ಚಿ ಆ ಹಂಡೆಯ ನೀರೆರೆಯಬೇಕೆಂದು ಅವಳು ಮಗಳ ಮದುವೆಯ ದಿನದಿಂದಲೇ ಅಂದುಕೊಂಡಿದ್ದಳು. ಈಗ ಅದು ಯಾವುದೋ ಗೋಡೌನಿನಲ್ಲಿ ತಂತಿಯಾಗುವುದಕ್ಕೆ ಕಾದು ಕೂತಿದೆ! ಅವಳು ಗಂಡನ ತಟ್ಟೆಗೆ ಮಜ್ಜಿಗೆ ಬಡಿಸದೆ ಎದ್ದು ಹೋದಳು.

ಮರುದಿನ ನೀರು ತುಂಬುವ ಹಬ್ಬ. ಪ್ರತಿವರ್ಷ ಈ ದಿನ ಮಂಗಳಕ್ಕನಿಗೆ ಕೈತುಂಬ ಕೆಲಸ. ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಕೆಮ್ಮಣ್ಣು ಬಳಿದು, ಸುಣ್ಣದ ಪಟ್ಟೆ ಎಳೆದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡಬೇಕು. ಈ ವರ್ಷ ಕಲಸಿದ ಕೆಮ್ಮಣ್ಣು ಬಟ್ಟಲಲ್ಲೇ ಉಳಿದಿತ್ತು.

"ಅದ್ಯಾಕೆ ಕೈಕಟ್ಕೊಂಡು ಕೂತಿದೀಯ?" ಎಂದರು ಹಾಲಮ್ಮನವರು.

"ಯಾವುದಕ್ಕೆ ಬಳಿಯೋದು ಅತ್ತೆ?"

"ಇದಕ್ಕೇ ಬಳಿ. ನೀರು ಕಾಯಿಸೋದು ಇದೇ ತಾನೆ? ಪೂಜೆ ತಪ್ಪಿಸೋಕಾಗುತ್ತಾ? ನಿನ್ನ ಗಂಡನಿಗಂತೂ ಬುದ್ಧಿ ಇಲ್ಲ, ಅವನ ಉಷ್ಣಮ್ಮನಾದ್ರೂ ಲಕ್ಷಣವಾಗಿರಲಿ."

ಮಂಗಳಕ್ಕ ಎದ್ದು ಸೆರಗು ಸಿಕ್ಕಿಸಿದಳು. ಕೋಪ ಕೈಗೆ ಇಳಿದದ್ದರಿಂದ ಕೆಮ್ಮಣ್ಣು ದಪ್ಪವಾಗಿಯೇ ಬಿತ್ತು. ಟ್ಯಾಂಕಿನ ಹೊಟ್ಟೆ ಕೆಂಪಾಯಿತು. ಸುಣ್ಣದ ಪಟ್ಟೆಗಳು ಬಂದವು. ಕಂಪ್ರೆಸರ್‌ಗಳ ಕೊರಳಿಗೆ ಹಾಗಲ ಬಳ್ಳಿ ಬಿತ್ತು.

"ಕುಂಕುಮ ಇಡೋಕೆ ಇದರ ಹಣೆ ಎಲ್ಲಿದೆ?" ಎಂದರು ಹಾಲಮ್ಮನವರು.

"ಇಲ್ಲೊಂದು ಹೊಳೀತಿದೆ. ಅದೇನೋ ಮೂಗು ಅಂದಿದ್ರು."

"ಮೂಗಿನ ಮೇಲೇ ತಾನೆ ಹಣೆ ಇರೋದು? ಇಡು ಅಲ್ಲೇ."

ಮಂಗಳಕ್ಕ ಗಾಜಿನ ಬಿಲ್ಲೆಯ ಮೇಲೆ ಮುದ್ದೆಯಷ್ಟು ಕೆಮ್ಮಣ್ಣು ಮೆತ್ತಿ ನಡುವೆ ಕುಂಕುಮ ಒತ್ತಿದಳು. ತವರಿನ ಹಂಡೆ ಅಷ್ಟು ವರ್ಷ ಇದನ್ನೆಲ್ಲ ಮೈಮೇಲೆ ಹಾಕಿಕೊಂಡು ಒಂದು ದಿನವೂ ಮುನಿದಿರಲಿಲ್ಲ. ಆಮೇಲೆ ಓಂಕಾರಪ್ಪ ಬಂದು ಮಂಗಳಾರತಿ ತೆಗೆದುಕೊಂಡು, "ಆಹಾ, ಈಗ ಕಳೆ ಬಂತು!" ಎಂದು ಸ್ವಿಚ್ಚು ಒತ್ತಿದ.

ಮೊದಲು ಎಲ್ಲವೂ ಚೆನ್ನಾಗಿಯೇ ನಡೆಯಿತು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ತಂಗಾಳಿ ಬೀಸಿತು. ರುಕ್ಕೋಜಿ ಹೊಲಿಗೆ ಮಿಷನ್ನಿನಿಂದ ತಲೆಯೆತ್ತಿ, "ಓಂಕಾರಣ್ಣ, ಏನ್ ಹಿತವಾಗಿದೆ ಇವತ್ತು!" ಎಂದ. ಓಂಕಾರಪ್ಪ ಜಗಲಿಯ ಮೇಲೆ ಮೀಸೆ ತಿರುವುತ್ತ ನಿಂತ.

ಇನ್ನೂ ಸ್ವಲ್ಪ ಹೊತ್ತಿಗೆ ರುಕ್ಕೋಜಿ ಬಾಗಿಲಿಗೆ ಬಂದ. "ಅಣ್ಣ, ನನ್ನ ಇಸ್ತ್ರಿಪೆಟ್ಟಿಗೆ ತಣ್ಣಗಾಗಿದೆ. ಕೆಂಡ ಉರೀತಾ ಇದೆ, ಪೆಟ್ಟಿಗೆ ತಣ್ಣಗಿದೆ! ಇದೆಲ್ಲಾದ್ರೂ ಉಂಟಾ?"

"ಚಳಿ ವಲಯದಲ್ಲಿ ಹಾಗೇ ಆಗೋದು ರುಕ್ಕೋಜಿ."

"ಯಾವ ವಲಯ?"

"ಸಾಯಂಕಾಲ ಗೊತ್ತಾಗುತ್ತೆ!"

ಸಾಯಂಕಾಲದವರೆಗೆ ಕಾಯಬೇಕಾಗಲಿಲ್ಲ. ಮನೆಮನೆಯಲ್ಲೂ ಹಬ್ಬಕ್ಕೆಂದು ತಂದಿದ್ದ ಕೊಬ್ಬರಿ ಎಣ್ಣೆ ಶೀಶೆಯಲ್ಲೇ ಕಲ್ಲಾಯಿತು. ಮೂಲೆಯ ಹೋಟೆಲಿನ ಚಹಾ ಲೋಟದಿಂದ ತುಟಿಗೆ ಬರುವಷ್ಟರಲ್ಲಿ ಶರಬತ್ತಾಯಿತು. ಜನ ಟ್ರಂಕಿನ ತಳದಿಂದ ಸ್ವೆಟರು, ಮಂಕಿಕ್ಯಾಪು ಹುಡುಕಿ ತೆಗೆದರು. ಸ್ವೆಟರು ಇಲ್ಲದವರು ರುಕ್ಕೋಜಿಯ ಅಂಗಡಿಗೆ ಹೋಗಿ ಹೊಲಿಯಲು ಕೊಟ್ಟಿದ್ದ ಕೋಟುಗಳನ್ನು ತೋಳಿಲ್ಲದೆಯೇ ಹಾಕಿಕೊಂಡು ಬಂದರು. ಬೀದಿಯ ನಾಯಿಗಳೆಲ್ಲ ಓಂಕಾರಪ್ಪನ ಮನೆಯ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂತವು. ಅವುಗಳಿಗೆ ಬೇರೆಯವರಿಗಿಂತ ಮೊದಲೇ ವಿಷಯ ತಿಳಿದಿತ್ತು.

ಏಕೆಂದರೆ ಮನೆಯೊಳಗೆ ಬೇರೆಯೇ ಕತೆ. ಟ್ಯಾಂಕಿನ ನೀರು ಎಂದೋ ಕುದಿದಿತ್ತು. ಆದರೂ ಉಷ್ಣಾಕರ್ಷಿಣಿ ಎಳೆಯುವುದನ್ನು ನಿಲ್ಲಿಸಲಿಲ್ಲ! ತುಂಬಿ ಮಿಕ್ಕ ಶಾಖ ಬಚ್ಚಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಹರಿಯಿತು. ಅಟ್ಟದ ಡಬ್ಬಿಯಲ್ಲಿದ್ದ ಹಪ್ಪಳಗಳು ತಾವಾಗಿಯೇ ಉಬ್ಬಿ ಮುಚ್ಚಳ ಹಾರಿಸಿದವು. ತುಪ್ಪ ಕರಗಿ ಜಾಡಿಯಲ್ಲಿ ಕುಲುಕಾಡಿತು. ಹೋಳಿಗೆಗೆ ನೆನೆಸಿದ್ದ ಬೇಳೆ ಒಲೆ ಹತ್ತದೆಯೇ ಬೆಂದುಹೋಯಿತು.

"ಗ್ಯಾಸ್ ಉಳೀತಲ್ಲ," ಎಂದ ಓಂಕಾರಪ್ಪ ಹಣೆಯಿಂದ ಧಾರೆಯಾಗಿ ಇಳಿಯುತ್ತಿದ್ದ ಬೆವರು ಒರೆಸುತ್ತ. ಆಮೇಲೆ ಬಚ್ಚಲಿಗೆ ಇಣುಕಿದ. "ಇದು ಯಾಕೆ ನಿಲ್ಲಿಸ್ತಾ ಇಲ್ಲ? ನ್ಯಾಯದ ಕವಾಟ ಯಾಕೆ ತೆಗೀತಾ ಇಲ್ಲ?"

"ಸ್ವಿಚ್ ಆರಿಸ್ರೀ!"

"ಸ್ವಿಚ್ ಕರಗಿದೆ ಕಣೇ!"

ಅವನು ಸ್ಪ್ಯಾನರ್ ಹಿಡಿದು ಕೊಳವೆಗಳ ನಡುವೆ ನುಗ್ಗಿದ. ಹಬೆಯಲ್ಲಿ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು.

ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಶಾಖ ಸಹಾಯ ಕಚೇರಿಯ ಬೋಜೇಗೌಡರು ಇಳಿದರು. ಅರ್ಧ ತೋಳಿನ ಅಂಗಿ ತೊಟ್ಟು ಬಂದಿದ್ದ ಅವರು ನೆಲಕ್ಕೆ ಕಾಲಿಟ್ಟ ಕೂಡಲೇ ಮತ್ತೆ ಜೀಪು ಹತ್ತಿ, ಸೀಟಿನ ಕವರನ್ನು ಹೊದ್ದುಕೊಂಡು ಇಳಿದರು.

"ಇ-ಇ-ಇದೇನ್ರೀ ಇದು! ಹಳಿ ದಾಟುತ್ಲೂ ಹಲ್ಲು ಕಡೀತಾ ಇದೆ!"

"ಅದೇ ಸಾರ್ ನಮ್ಮ ಕಷ್ಟ!" ಓಂಕಾರಪ್ಪ ಓಡಿಬಂದು ಕೈಮುಗಿದ. ಬಚ್ಚಲಿನಲ್ಲಿ ಏನಾಗುತ್ತಿದೆ ಎಂಬುದನ್ನು ಅವನು ಆ ಕ್ಷಣಕ್ಕೆ ಪೂರ್ತಿ ಮರೆತಿದ್ದ.

ಬೋಜೇಗೌಡರು ಅಳೆಯುವ ಸಾಧನವನ್ನು ಬೀದಿಯ ನಡುವೆ ಹಿಡಿದರು. ಒಂಬತ್ತು! ಜನ ಚಪ್ಪಾಳೆ ತಟ್ಟಿದರು. ಚಳಿಗೆ ಹೇಗೂ ಕೈ ಉಜ್ಜುತ್ತಲೇ ಇದ್ದರು. ಓಂಕಾರಪ್ಪ ಹೆಂಡತಿಯ ಕಡೆ ತಿರುಗಿ ಹುಬ್ಬು ಕುಣಿಸಿದ. ಮಂಗಳಕ್ಕ ನೋಡುತ್ತಿದ್ದದ್ದು ಜೀಪಿನ ಕಡೆ. ಜೀಪಿನ ಹಿಂಭಾಗದಲ್ಲಿ ಗೋಣಿತಾಟಿನ ಕೆಳಗೆ ದುಂಡಗಿನ ಏನೋ ಇತ್ತು. ಗೋಣಿಯ ಸಂದಿಯಿಂದ ಇಣುಕುತ್ತಿದ್ದ ನೆಗ್ಗಿದ ಕಿವಿ ಅವಳಿಗೆ ಗೊತ್ತು. ಅದನ್ನು ನೆಗ್ಗಿಸಿದ್ದು ಚಿಕ್ಕಂದಿನಲ್ಲಿ ಅವಳೇ.

"ಅದ್ಯಾಕೆ ಇಲ್ಲಿಗೆ ತಂದಿದೀರ?" ಎಂದು ಕೇಳಿಯೇಬಿಟ್ಟಳು.

"ಇವತ್ತೇ ಕೊನೇ ದಿನ ಅಲ್ವೇನಮ್ಮ? ಮಂಜೂರಾದ್ರೆ ಇದು ಹೀಗೇ ಕರಗಿಸೋಕೆ ಹೋಗುತ್ತೆ. ಇಲ್ಲಾಂದ್ರೆ ಇಲ್ಲೇ ಇಳಿಸಿ ಹೋಗ್ತೀನಿ. ಮತ್ತೆ ಹೊತ್ತು ತಿರುಗೋಕೆ ನನ್ನಿಂದಾಗಲ್ಲ."

"ಹಾಗಾದ್ರೆ ಮಂಜೂರು ಮಾಡಿ ಸಾರ್!" ಎಂದ ಓಂಕಾರಪ್ಪ.

"ತಡೀರಿ. ರಿಯಾಯಿತಿ ಬೀದಿಗಲ್ಲ, ಮನೆಗೆ. ಆರು ಗಂಟೆಯೊಳಗೆ ಪ್ರತಿ ಮನೆಯ ನಡುಮನೆಯಲ್ಲೂ ಅಳೀಬೇಕು."

ಓಂಕಾರಪ್ಪನ ಮೀಸೆ ಇಳಿಯಿತು. ನಿಯಮವನ್ನು ಅವನು ಅಷ್ಟು ದೂರ ಓದಿರಲಿಲ್ಲ.

ಬೋಜೇಗೌಡರು ರುಕ್ಕೋಜಿಯ ಮನೆಯಿಂದ ಶುರುಮಾಡಿದರು. ರುಕ್ಕೋಜಿಯದು ಹತ್ತು, ಚಳಿ ವಲಯ. ಅದರ ಪಕ್ಕದ್ದೂ ಚಳಿ ವಲಯ. ಮೂಲೆಯ ಹೋಟೆಲೂ ಚಳಿ ವಲಯ. ಯಾವ ಯಂತ್ರವೂ ಇಲ್ಲದವರೆಲ್ಲ ಮುಕ್ಕಾಲು ಪಾಲು ರಿಯಾಯಿತಿಗೆ ಅರ್ಹರಾಗುತ್ತ ಹೋದರು!

ಇತ್ತ ಓಂಕಾರಪ್ಪ ಬಚ್ಚಲಿಗೆ ಓಡಿ ಮತ್ತೆ ಹಬೆಯೊಳಗೆ ನುಗ್ಗಿದ. "ಕೊಳವೆ ಸರಿಯಿದೆ! ಕವಾಟ ಸರಿಯಿದೆ! ಏನಾಗಿದೆ ಇದಕ್ಕೆ? ಮಂಗಳಾ, ನಿನಗೇನಾದ್ರೂ ಕಾಣುತ್ತಾ?"

ಮಂಗಳಕ್ಕನಿಗೆ ಕಾಣುತ್ತಿತ್ತು. ಹಬೆಯ ನಡುವೆ ಕುಂಕುಮ ಇಟ್ಟ ಕೆಮ್ಮಣ್ಣಿನ ಮುದ್ದೆ ಅವಳ ಕಣ್ಣೆದುರಿಗೇ ಇತ್ತು, ಒದ್ದೆಯಾಗಿ, ತಣ್ಣಗೆ. ಹಬೆ ಅದನ್ನು ಒಣಗಲು ಬಿಟ್ಟಿರಲಿಲ್ಲ. ಬೇಸಿಗೆಯಲ್ಲಿ ಮಡಕೆಗೆ ಒದ್ದೆ ಬಟ್ಟೆ ಸುತ್ತುವವಳಿಗೆ ಇಷ್ಟು ತಿಳಿಯುವುದಿಲ್ಲವೇ? ಪಾಪ, ಮೂಗು ತಣ್ಣಗಿದ್ದರೆ ಉಷ್ಣಮ್ಮನಿಗೆ ನೀರು ಕಾದದ್ದು ಗೊತ್ತಾಗುವುದಾದರೂ ಹೇಗೆ?

ಒಂದು ಚೊಂಬು ನೀರು ಸಾಕು. ತೊಳೆದರೆ ಮನೆ ತಣ್ಣಗಾಗುತ್ತದೆ, ರಿಯಾಯಿತಿ ಬರುತ್ತದೆ, ಗಂಡ ಬೀದಿತುಂಬ ಮೀಸೆ ತಿರುವಿಕೊಂಡು ಓಡಾಡುತ್ತಾನೆ. ಹಂಡೆ ಮಾತ್ರ ಹೋಗುತ್ತದೆ.

ಅವಳು ಚೊಂಬನ್ನು ಕೈಗೆ ತೆಗೆದುಕೊಂಡಳು. ಹಬೆಯಿಂದ ಹೊರಗೆ ಚಾಚಿದ್ದ ಗಂಡನ ಪಾದಗಳನ್ನು ನೋಡಿ ಅಯ್ಯೋ ಅನ್ನಿಸಿತು. ಮೂರು ತಿಂಗಳು ನಿದ್ದೆಗೆಟ್ಟು ಮಾಡಿದ ಯಂತ್ರ. ಅವಳ ಕೈ ಇನ್ನೇನು ಮೇಲೆದ್ದಿತ್ತು. ಅಷ್ಟರಲ್ಲಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಹಾಲಮ್ಮನವರ ಮೇಲೆ ಕಣ್ಣು ಬಿತ್ತು. ಅತ್ತೆ ಆ ಕೆಮ್ಮಣ್ಣಿನ ಮುದ್ದೆಯನ್ನೇ ನೋಡುತ್ತಿದ್ದರು. ಆಮೇಲೆ ಸೊಸೆಯನ್ನು ನೋಡಿದರು. ಆಮೇಲೆ ಮೆಲ್ಲಗೆ ಮುಖ ತಿರುಗಿಸಿ, ಅಡುಗೆಮನೆಯ ಸೂರಿಗೆ ಅಂಟಿದ್ದ ಹಳೇ ಒಗ್ಗರಣೆಯ ಸಾಸಿವೆ ಎಣಿಸುವವರಂತೆ ಮೇಲೆ ನೋಡತೊಡಗಿದರು.

ಮಂಗಳಕ್ಕ ಚೊಂಬನ್ನು ಕೆಳಗಿಟ್ಟಳು.

"ನನಗೇನೂ ಕಾಣ್ತಿಲ್ಲ ಕಣ್ರೀ. ಬರೀ ಹಬೆ."

ಬೋಜೇಗೌಡರು ಕೊನೆಗೆ ಅವರ ನಡುಮನೆಗೆ ಬಂದರು. ಬಂದವರೇ ಸೀಟಿನ ಕವರು ಕಳಚಿದರು. ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಸಾಧನವನ್ನು ನೋಡಿದರು, ಅಲ್ಲಾಡಿಸಿದರು, ಮತ್ತೆ ನೋಡಿದರು.

"ನಲವತ್ತೇಳು! ಇದು ಸೆಕೆ ವಲಯವೂ ಅಲ್ಲ ಕಣ್ರೀ. ಇಂಥದ್ದಕ್ಕೆ ನಮ್ಮ ಕಚೇರೀಲಿ ವಲಯವೇ ಇಲ್ಲ. ಇಂಥ ಮನೆಗೆ ಹೀಟ್ ಪಂಪ್ ಯಾಕ್ರೀ ಬೇಕು?"

"ಐದೇ ನಿಮಿಷ ಸಾರ್! ಈಗ ಸರಿ ಮಾಡ್ತೀನಿ! ಎಲ್ಲೋ ಒಂದು ಸಣ್ಣ—"

ಆರು ಗಂಟೆಯ ಪ್ಯಾಸೆಂಜರ್ ಕೂಗಿತು. ಅದು ಸರಿಯಾದ ಹೊತ್ತಿಗೆ ಬಂದದ್ದನ್ನು ಆ ಬೀದಿಯವರು ಯಾರೂ ಅದುವರೆಗೆ ಕಂಡಿರಲಿಲ್ಲ. ಬೋಜೇಗೌಡರು ಗಡಿಯಾರ ನೋಡಿ, "ತಿರಸ್ಕೃತ," ಎಂದು ಬರೆದರು. ಕಾಲು ಪಾಲೂ ಇಲ್ಲ! ರುಕ್ಕೋಜಿ ಮತ್ತು ಇನ್ನಿಬ್ಬರು ಸೇರಿ ಜೀಪಿನಿಂದ ಹಂಡೆ ಇಳಿಸಿದರು. ಮಂಗಳಕ್ಕ ಅದರ ನೆಗ್ಗಿದ ಕಿವಿ ಹಿಡಿದು, ಗಂಡನಿಗೆ ಕಾಣದ ಹಾಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ಬಚ್ಚಲಿಗೆ ಹೋಗಿ, ಚೊಂಬು ಎತ್ತಿ, ಉಷ್ಣಾಕರ್ಷಿಣಿಯ ಮೂಗು ತೊಳೆದಳು.

ಯಂತ್ರ ಒಮ್ಮೆ ಸೀನಿತು. ನ್ಯಾಯದ ಕವಾಟ ಧಡಾರನೆ ತೆರೆಯಿತು. ಮಧ್ಯಾಹ್ನದಿಂದ ಎಳೆದುಕೊಂಡಿದ್ದ ಶಾಖವನ್ನೆಲ್ಲ ಉಷ್ಣಾಕರ್ಷಿಣಿ ಒಂದೇ ಉಸಿರಿಗೆ ಬೀದಿಗೆ ವಾಪಸ್ ಕೊಟ್ಟಿತು! ಕೊಟ್ಟ ಮೇಲೂ ನಿಲ್ಲಲಿಲ್ಲ; ಇಷ್ಟು ಹೊತ್ತು ಇಟ್ಟುಕೊಂಡದ್ದಕ್ಕೆ ಬಡ್ಡಿಯೆಂಬಂತೆ ಮನೆಯ ಸ್ವಂತ ಶಾಖವನ್ನೂ ಸೇದಿ ಹೊರಗೆ ಸುರಿಯಿತು. ಬೀದಿಯಲ್ಲಿ ಜನ ಮಂಕಿಕ್ಯಾಪು ಕಿತ್ತೆಸೆದರು. ರುಕ್ಕೋಜಿಯ ಇಸ್ತ್ರಿಪೆಟ್ಟಿಗೆ ಕೆಂಡವಿಲ್ಲದೆಯೇ ಒಂದು ಪ್ಯಾಂಟು ಸುಟ್ಟಿತು. ನಾಯಿಗಳು ಗೋಡೆ ಬಿಟ್ಟು ಮನೆಯೊಳಗೇ ನುಗ್ಗಿದವು. ಒಳಗೆ ಕನ್ನಡಿಯ ಮೇಲೆ ಮಂಜು ಕಟ್ಟಿತು, ಕರಗಿದ್ದ ತುಪ್ಪ ಚಮಚೆಯನ್ನು ಕಚ್ಚಿ ಹಿಡಿಯಿತು.

ಓಂಕಾರಪ್ಪ ಹಲ್ಲು ಕಡಿಯುತ್ತ ಜೀಪಿನ ಹಿಂದೆ ಓಡಿದ. "ಸಾರ್! ಈಗ ಅಳೀರಿ! ಈಗ ನಮ್ಮ ಮನೆ ಐದು ಡಿಗ್ರಿ ಇದೆ ಸಾರ್!"

"ಆರು ಗಂಟೆ ದಾಟಿತು ಕಣ್ರೀ!" ಎಂದು ಬೋಜೇಗೌಡರು ಬೆವರು ಒರೆಸಿಕೊಂಡು ಜೀಪು ಓಡಿಸಿದರು.

ಓಂಕಾರಪ್ಪ ವಾಪಸ್ ಬಂದು ಯಂತ್ರದ ಮುಂದೆ ಕುಕ್ಕರಿಸಿದ. "ಮೂಗಿಗೆ ಏನಾಗಿತ್ತು ಅಂತ?"

"ಶೀತ ಆಗಿತ್ತೇನೋ," ಎಂದರು ಹಾಲಮ್ಮನವರು.

ಮಂಗಳಕ್ಕನಿಗೆ ಒಳಗೊಳಗೇ ಪಾಪವೆನ್ನಿಸಿತು. ಅವತ್ತು ಗಂಡನಿಗೆ ಮಜ್ಜಿಗೆ ಬಡಿಸಿದಳು. ಹೋಳಿಗೆಯ ಮೇಲೆ ತುಪ್ಪವನ್ನು ಚಾಕುವಿನಿಂದ ಕೊಯ್ದು, ಎಲ್ಲರಿಗಿಂತ ಅವನಿಗೇ ದಪ್ಪ ತುಂಡು ಇಟ್ಟಳು. ಊಟದ ಹೊತ್ತಿಗೆ ರುಕ್ಕೋಜಿ ಬಂದು, ಚಳಿ ವಲಯದ ಚೀಟಿ ತೋರಿಸಿ, "ಅಣ್ಣ, ನನಗೊಂದು ಉಷ್ಣಾಕರ್ಷಿಣಿ ಮಾಡಿಕೊಡು, ಮುಕ್ಕಾಲು ಪಾಲು ಸರ್ಕಾರವೇ ಕೊಡುತ್ತಂತೆ!" ಎಂದ. ಓಂಕಾರಪ್ಪನ ಮೀಸೆ ಮತ್ತೆ ಮೇಲೆದ್ದಿತು. ದಾಕ್ಷಾಯಿಣಿ, ಅಳಿಯ ಪ್ರಭುಲಿಂಗ ಬಂದಾಗ ಇಡೀ ಮನೆ ಕಂಬಳಿ ಹೊದ್ದು ಹೋಳಿಗೆ ತಿನ್ನುತ್ತಿತ್ತು.

ನರಕ ಚತುರ್ದಶಿಯ ಬೆಳಗ್ಗೆ ಒಲೆಯ ಮೇಲೆ ಹಂಡೆ ಕೂತಿತ್ತು, ಮೈಗೆ ಕೆಮ್ಮಣ್ಣು, ಕೊರಳಿಗೆ ಬಳ್ಳಿ. ಕೆಳಗೆ ಸೌದೆ ಚಟಪಟ ಉರಿಯುತ್ತಿತ್ತು. ಮಂಗಳಕ್ಕ ಅಳಿಯನನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ಹಚ್ಚಿ, ಮೊದಲ ಚೊಂಬು ನೀರು ಎರೆದಳು.

"ಅಬ್ಬಾ ಅತ್ತೆ, ನೀರು ಕುದೀತಾ ಇದೆ! ಸ್ವಲ್ಪ ತಣ್ಣೀರು ಬೆರೆಸ್ತೀರಾ?"

ಮಂಗಳಕ್ಕ ರಾತ್ರಿಯಿಡೀ ಮಂಜುಗಟ್ಟಿದ್ದ ಉಷ್ಣಾಕರ್ಷಿಣಿಯ ಟ್ಯಾಂಕಿನ ಕಡೆ ಕೈ ತೋರಿಸಿದಳು.

"ಅದರಲ್ಲಿ ಬೇಕಾದಷ್ಟಿದೆ. ಸ್ವಲ್ಪ ತಡೀರಿ, ನಿಮ್ಮ ಮಾವ ಸುತ್ತಿಗೆ ತರೋಕೆ ಹೋಗಿದಾರೆ."